ಬಯಲ ಕಡಲಿನ ಕಲ್ಲುದ್ವೀಪಗಳು

ತಮಿಳುನಾಡಿನ ಹೊಸೂರು–ಕೃಷ್ಣಗಿರಿ ಸೀಮೆಯ ಒಂಟಿ ಬೆಟ್ಟಗಳು ಸಾವಿರಾರು ವರ್ಷ ಕಲ್ಲು ಕೊಟ್ಟೂ ಉಳಿದುಕೊಂಡಿದ್ದವು. ಕಳೆದ ಐವತ್ತು ವರ್ಷಗಳಲ್ಲಿ ಲೆಕ್ಕ ಬದಲಾಗಿದೆ.

ಹೊಸೂರಿನಿಂದ ಕೃಷ್ಣಗಿರಿಗೆ ಸುಮಾರು 50 ಕಿಲೋಮೀಟರು. ಇಷ್ಟು ದಾರಿಯೊಳಗೆ ನೆಲ 350 ಮೀಟರಿನಷ್ಟು ಕೆಳಗಿಳಿಯುತ್ತದೆ. ಹೊಸೂರಿನ ಸುತ್ತ ಗುಲಾಬಿ ತೋಟ, ಎಲೆಕೋಸಿನ ಹೊಲ, ಕಾರ್ಖಾನೆಗಳ ಕಾಂಪೌಂಡು. ಶೂಲಗಿರಿ ಬರುತ್ತಿದ್ದಂತೆ ಗಾಳಿಗೆ ಬಿಸಿ ಏರುತ್ತದೆ, ಮಾವಿನ ತೋಪುಗಳು ಶುರುವಾಗುತ್ತವೆ, ತೋಪುಗಳ ನಡುವೆ ಬೆಟ್ಟಗಳು ಏಳುತ್ತವೆ. ಪಶ್ಚಿಮಘಟ್ಟದಂತೆ ಕೈಕೈ ಹಿಡಿದು ನಿಂತ ಸಾಲು ಇಲ್ಲಿಲ್ಲ. ಬಯಲಿನಿಂದ ನೇರ ಮೇಲೆದ್ದ ಒಂಟಿ ಬಂಡೆಬೆಟ್ಟಗಳು, ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ನಡುವಿನ ಹೊಲಗದ್ದೆ ದಾಟಲೇಬೇಕು. ಭೂಗೋಳ ಓದಿದವರು ಇವನ್ನು ದ್ವೀಪಬೆಟ್ಟಗಳೆಂದೇ ಲೆಕ್ಕ ಹಾಕುತ್ತಾರೆ. ಕಾರ್ತಿಕದ ಬೆಳಗ್ಗೆ ಬಯಲಿಗೆ ಮಂಜು ತುಂಬಿದಾಗ ರಾಯಕೋಟೆಯ ಬೆಟ್ಟದ ಮೇಲೆ ನಿಂತು ನೋಡಿದವರಿಗೆ ಆ ಲೆಕ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪ ನೋಡಲು ನಾವು ದೋಣಿ ಹತ್ತುತ್ತೇವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ಕಂಬಗಳಾದ ಆ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಯಾರೂ ಒಂದು ಕಲ್ಲು ಎತ್ತುವ ಹಾಗಿಲ್ಲ, ಅದು ಸರಿಯೇ. ಈ ಒಳನಾಡಿನ ದ್ವೀಪಗಳ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಮಲ್ಪೆಯ ಕಂಬಗಳಿಗಿಂತ 28 ಪಟ್ಟು ಹಳೆಯದು. ಇವುಗಳಲ್ಲಿ ಒಂದಕ್ಕೂ ಅಂಥ ಫಲಕವಿಲ್ಲ. ಬದಲಿಗೆ ಸರ್ವೆ ನಂಬರು ಇದೆ, ಗುತ್ತಿಗೆಯ ಅವಧಿ ಇದೆ.

ಕಲ್ಲು ತೆಗೆಯುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಈ ಸೀಮೆಯಲ್ಲಿ ಮನುಷ್ಯ ನೆಲೆನಿಂತಾಗಿನಿಂದ ಕಲ್ಲಿನ ಕೆಲಸ ನಡೆದಿದೆ. ಬೆಟ್ಟ ಎಷ್ಟು ದೊಡ್ಡ ಆಸ್ತಿಯೋ ಆ ಕಸುಬೂ ಅಷ್ಟೇ ದೊಡ್ಡ ಆಸ್ತಿ. ಆದರೆ ಬೆಟ್ಟದಿಂದ ಕಲ್ಲು ತೆಗೆಯುವುದಕ್ಕೂ ಬೆಟ್ಟವನ್ನೇ ತೆಗೆದುಹಾಕುವುದಕ್ಕೂ ನಡುವೆ ಒಂದು ಗೆರೆಯಿತ್ತು. ಅದು ನಮ್ಮ ಕಣ್ಣೆದುರೇ ಅಳಿಸಿಹೋಗುತ್ತಿದೆ.

ಆಳದಿಂದ ಬಂದ ನೆಲ

ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ, ಕೃಷ್ಣಗಿರಿಯ ದುರ್ಗ ಇವೆಲ್ಲ ದಕ್ಷಿಣ ಭಾರತದ ಒಂದೇ ಪುರಾತನ ತಳಗಲ್ಲಿನ ತಲೆಗಳು. ಲಾಲ್‌ಬಾಗಿನ ನೈಸ್ ಶಿಲೆಯ ವಯಸ್ಸು 300 ಕೋಟಿ ವರ್ಷ ದಾಟುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಹೋದಂತೆಲ್ಲ ಒಂದು ವಿಚಿತ್ರ ಎದುರಾಗುತ್ತದೆ. ಭೂಮಿಯ ಚಿಪ್ಪು ಇಲ್ಲಿ ವಾಲಿಕೊಂಡು ಮೇಲೆದ್ದಿದೆ, ಮೇಲಿನ ಪದರಗಳು ಸವೆದುಹೋಗಿವೆ. ಹಾಗಾಗಿ ಹೊಸೂರು ಬಿಟ್ಟು ಕೃಷ್ಣಗಿರಿ, ಧರ್ಮಪುರಿಯ ಕಡೆ ನಡೆದವರು ನೆಲದ ಮೇಲೇ ನಡೆದರೂ ಒಂದು ಕಾಲದ ಭೂಗರ್ಭದ ಆಳ ಆಳಕ್ಕೆ ಇಳಿಯುತ್ತಿರುತ್ತಾರೆ. ಕೃಷ್ಣಗಿರಿಯ ಸುತ್ತಲ ಶಿಲೆ ಬೆಂದು ಹದವಾದದ್ದು ಸುಮಾರು 20 ಕಿಲೋಮೀಟರ್ ಆಳದಲ್ಲಿ. ಆ ಶಾಖ, ಆ ಒತ್ತಡದಲ್ಲಿ ಬೂದುಬಣ್ಣದ ನೈಸ್ ಕಪ್ಪುಹಸಿರು ಚಾರ್ನೊಕೈಟ್ ಆಗಿ ಮಾರ್ಪಟ್ಟಿದೆ.

ಈ ಮಾರ್ಪಾಟು ಬಂಡೆಯಲ್ಲೇ ಅರ್ಧಕ್ಕೆ ನಿಂತಿರುವುದನ್ನು ಗುರುತಿಸಿ ಜಗತ್ತಿಗೆ ತೋರಿಸಿದವರು ಮೈಸೂರು ಸೀಮೆಯ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು. ಕನಕಪುರದ ಕಡೆಯ ಕಬ್ಬಾಳದ ಕಲ್ಲಿನ ಬಗ್ಗೆ 1960ರಲ್ಲಿ ಅವರು 'ನೇಚರ್' ಪತ್ರಿಕೆಯಲ್ಲಿ ಬರೆದರು. ಆಮೇಲೆ ದೇಶವಿದೇಶಗಳ ಭೂವಿಜ್ಞಾನಿಗಳು ಕಬ್ಬಾಳಕ್ಕೂ ಕೃಷ್ಣಗಿರಿಗೂ ಬಂದುಹೋಗಿದ್ದಾರೆ. ಅವರಿಗೆ ಬೇಕಾದ ತಾಜಾ ಮುಖ ಸಿಕ್ಕಿದ್ದು ಕ್ವಾರಿಗಳಲ್ಲೇ ಎಂಬುದನ್ನೂ ಮರೆಯಬಾರದು. ಮಳೆಬಿಸಿಲಿಗೆ ಮಾಸಿದ ಬಂಡೆಯ ಮೇಲ್ಮೈ ತೋರಿಸದೇ ಇದ್ದುದನ್ನು ಕಲ್ಲುಕುಟಿಗನ ಉಳಿ ತೋರಿಸಿತು.

ಇದೇ ಆಳದ ಬೇಗೆಯಲ್ಲಿ ಅರೆಬರೆ ಕರಗಿ, ಸುರುಳಿ ಸುತ್ತಿ, ಗುಲಾಬಿ, ನೇರಳೆ, ಬೂದು, ಕಪ್ಪು ಎಳೆಗಳು ಹೆಣೆದುಕೊಂಡ ಶಿಲೆ ಕೃಷ್ಣಗಿರಿ ಸೀಮೆಯಲ್ಲಿ ಸಿಗುತ್ತದೆ. ಗ್ರಾನೈಟ್ ವ್ಯಾಪಾರದಲ್ಲಿ ಅದರ ಹೆಸರು 'ಪ್ಯಾರಾಡೈಸೊ'. ಹೋಟೆಲಿನ ಲಾಬಿಯಲ್ಲಿ, ಶ್ರೀಮಂತರ ಅಡುಗೆಮನೆಯ ಕಟ್ಟೆಯಲ್ಲಿ ಹೊಳೆಯುವ ಆ ಅಲೆಗಳು ನೀರಿನ ಅಲೆಯ ಹಾಗೆ ಕಾಣುವುದು ಸುಮ್ಮನೆ ಅಲ್ಲ. ಒಂದು ಕಾಲದಲ್ಲಿ ಆ ಕಲ್ಲು ನಿಜಕ್ಕೂ ಹರಿದಿತ್ತು.

ಪಾಂಡವರ ಮನೆಗಳು

ಶೂಲಗಿರಿಗೆ ಹತ್ತಿರದ ಮಲ್ಲಚಂದ್ರದ ಬೆಟ್ಟ ಹತ್ತಿದರೆ ಮೇಲೆ ಬಂಡೆಯ ಬಯಲು. ಅಲ್ಲಿ ಒಂದರ ಪಕ್ಕ ಒಂದು ಕಲ್ಮನೆಗಳು, ಒಂದು ಊರೇ ಕಟ್ಟಿದಂತೆ. ಸುತ್ತಲಿನ ಜನ ಇವನ್ನು ಪಾಂಡವರ ಮನೆ ಎನ್ನುತ್ತಾರೆ. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಮೋರೇರ ತಟ್ಟೆ ನೋಡಿದವರಿಗೆ ಇಲ್ಲಿ ಕಾಲಿಟ್ಟ ಕೂಡಲೇ ಪರಿಚಯದ ಭಾವ ಬರುತ್ತದೆ. ಎರಡೂ ಕಬ್ಬಿಣದ ಯುಗದ ಜನರ ಸಮಾಧಿ ಸ್ಮಾರಕಗಳು, ಎರಡೂ ಬೆಟ್ಟದ ಮೇಲೆ, ಎರಡಕ್ಕೂ ಕಲ್ಲು ಸಿಕ್ಕಿದ್ದು ಕಾಲ ಕೆಳಗೇ.

ಒಂದು ಕಲ್ಮನೆಯ ಎದುರು ಕೂತು ಸಾವಧಾನವಾಗಿ ನೋಡಬೇಕು. ನಾಲ್ಕು ಚಪ್ಪಡಿಗಳನ್ನು ಲಂಬವಾಗಿ ನಿಲ್ಲಿಸಿದ್ದಾರೆ. ಒಂದೊಂದು ಚಪ್ಪಡಿಯೂ ಪಕ್ಕದ್ದಕ್ಕೆ ಒರಗಿ, ತುದಿ ಸ್ವಲ್ಪ ಆಚೆ ಚಾಚಿ ನಿಂತಿದೆ. ಗಾರೆಯಿಲ್ಲ, ಗೂಟವಿಲ್ಲ. ಒಂದು ಬೀಳಬೇಕೆಂದರೆ ನಾಲ್ಕೂ ಬೀಳಬೇಕು, ಮೇಲಿನ ಚಾವಣಿಕಲ್ಲಿನ ಭಾರ ಅದಕ್ಕೆ ಬಿಡುವುದಿಲ್ಲ. ಮುಂದಿನ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ. ಅದರ ಅಂಚಿನ ಮೇಲೆ ಬೆರಳಾಡಿಸಿದರೆ ಸಣ್ಣ ಸಣ್ಣ ಗುಳಿಗಳು ತಾಗುತ್ತವೆ. ಕೊರೆದದ್ದಲ್ಲ, ಕುಟ್ಟಿ ಕುಟ್ಟಿ ತೆರೆದದ್ದು. ಈ ಸೀಮೆಯ ಕೆಲವು ಕಲ್ಮನೆಗಳ ಒಳಗೋಡೆಯಲ್ಲಿ ಬಿಳಿ ಬಣ್ಣದ ಚಿತ್ರಗಳೂ ಇವೆ.

ಇಷ್ಟು ತೆಳ್ಳಗಿನ, ಇಷ್ಟು ಸಮನಾದ ಚಪ್ಪಡಿಗಳನ್ನು ಯಂತ್ರವಿಲ್ಲದ ಜನ ಹೇಗೆ ತೆಗೆದರು? ಅರ್ಧ ಕೆಲಸವನ್ನು ಬೆಟ್ಟವೇ ಮಾಡಿಟ್ಟಿತ್ತು. ಮೇಲಿನ ಭಾರ ಸವೆದು ಹೋದಂತೆ ಬಂಡೆ ಹಿಗ್ಗುತ್ತದೆ, ಹಿಗ್ಗಿ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಎಲ್ಲಿ ಪದರ ಸಡಿಲವಾಗಿದೆ, ಎಲ್ಲಿ ಇನ್ನೂ ಕಚ್ಚಿಕೊಂಡಿದೆ ಎಂದು ತಿಳಿದವನಿಗೆ ಬೆಟ್ಟ ಕಲ್ಲು ಕೊಡುತ್ತಿತ್ತು. ಉಳಿದದ್ದಕ್ಕೆ ಕಬ್ಬಿಣ ಬೇಕಿತ್ತು. ಇದೇ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಸಿಕ್ಕ ಕಬ್ಬಿಣದ ಕಾಲವನ್ನು ಪ್ರಯೋಗಾಲಯ ಕ್ರಿ.ಪೂ. 2172 ಎಂದು ಹೇಳಿದ್ದು 2022ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಕಬ್ಬಿಣವನ್ನು ಅಷ್ಟು ಬೇಗ ಪಳಗಿಸಿದ ಸೀಮೆ ಗಟ್ಟಿಕಲ್ಲನ್ನು ಪಳಗಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಬೆಂಕಿಯ ಗೆರೆ

ಈ ಪದರ ಬಿಡಿಸುವ ಕಲೆ ಬೆಂಗಳೂರು ಸುತ್ತಿನಲ್ಲಿ ತೀರಾ ಇತ್ತೀಚಿನವರೆಗೂ ಉಳಿದಿತ್ತು. ಎಚ್. ವಾರ್ತ್ ಎಂಬಾತ ಅದನ್ನು ನಿಂತು ನೋಡಿ, ಅಳೆದು, 1895ರಲ್ಲಿ 'ನೇಚರ್'ನಲ್ಲಿ ಬರೆದಿಟ್ಟ. ಆ ವಿವರ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಮೊದಲ ಪಾಠವಾಗಬೇಕೆಂದು ನನ್ನ ಆಸೆ.

ಮೊದಲು ಬಂಡೆಯ ಮೇಲೆ ಒಣಸೌದೆಯನ್ನು ಏಳಡಿ ಉದ್ದದ ಗೆರೆಯಾಗಿ ಜೋಡಿಸಿ ಬೆಂಕಿ ಹಚ್ಚುತ್ತಿದ್ದರು. ಬಿಸಿಗೆ ಮೇಲ್ಪದರ ಹಿಗ್ಗಿ ಕೆಳಗಿನಿಂದ ಬಿಡಲು ಶುರುವಾಗುತ್ತದೆ. ಕೆಲಸದವ ಬೆಂಕಿಯ ಮುಂದಿನ ಬಂಡೆಯನ್ನು ಸುತ್ತಿಗೆಯಿಂದ ತಟ್ಟುತ್ತಾನೆ. ಗಟ್ಟಿ ಸದ್ದಿದ್ದರೆ ಕಾಯುತ್ತಾನೆ. ಸದ್ದು ಬದಲಾಯಿತೆಂದರೆ ಅಡಿಯಲ್ಲಿ ಬಿರುಕು ಓಡಿದೆ ಎಂದರ್ಥ. ಆಗ ಉರಿಯುವ ಸೌದೆಯನ್ನು ಕೆಲವೇ ಅಂಗುಲ ಮುಂದೆ ತಳ್ಳುತ್ತಾನೆ, ಮತ್ತೆ ತಟ್ಟುತ್ತಾನೆ. ಹೀಗೆ ಎಂಟು ಗಂಟೆ. ಬೆಂಕಿ ಹಾದುಹೋದದ್ದು 460 ಚದರಡಿ, ಬಿರುಕು ಅಕ್ಕಪಕ್ಕಕ್ಕೂ ಹಬ್ಬಿದ್ದರಿಂದ ಎದ್ದುಬಂದ ಚಪ್ಪಡಿ 740 ಚದರಡಿ. ಸರಾಸರಿ ದಪ್ಪ ಐದಂಗುಲ. ಸುಟ್ಟ ಸೌದೆ ಸುಮಾರು 760 ಕಿಲೋ. ಒಂದು ಕಿಲೋ ಸೌದೆಗೆ 30 ಕಿಲೋ ಕಲ್ಲು, ಸಿಡಿಮದ್ದಿನ ಒಂದು ಹರಳೂ ಇಲ್ಲದೆ.

ಇದರಲ್ಲಿ ಮುಖ್ಯ ಉಪಕರಣ ಬೆಂಕಿಯಲ್ಲ, ಕಿವಿ. ಬಂಡೆಯೊಳಗಿನ ಬಿರುಕು ಎಲ್ಲಿಯವರೆಗೆ ಹೋಗಿದೆ ಎಂದು ಕಿವಿಯಿಂದ ತಿಳಿಯುವ ಜಾಣ್ಮೆ ಅಪ್ಪನಿಂದ ಮಗನಿಗೆ ಕೆಲಸದ ಜಾಗದಲ್ಲೇ ದಾಟುತ್ತಿತ್ತು, ಪುಸ್ತಕದಲ್ಲಿ ಬರೆದುಕೊಂಡದ್ದಲ್ಲ. ಎತ್ತಿದ ಚಪ್ಪಡಿಯನ್ನು ಬೇಕಾದ ಅಳತೆಗೆ ಸೀಳುವುದು ಆಮೇಲಿನ ಕೆಲಸ. ಉಳಿಯಿಂದ ಒಂದೇ ಸಾಲಿನಲ್ಲಿ ಕುಳಿ ತೆಗೆಯುವುದು, ಕುಳಿಗೊಂದರಂತೆ ಕಬ್ಬಿಣದ ಬೆಣೆ ಇಡುವುದು, ಸಾಲಿನ ಈ ತುದಿಯಿಂದ ಆ ತುದಿಗೆ ಸುತ್ತಿಗೆಯ ಪೆಟ್ಟು ಕೊಡುತ್ತ ಹೋಗುವುದು. ಅವಸರದಲ್ಲಿ ಒಂದೇ ಬೆಣೆಗೆ ಜಾಸ್ತಿ ಪೆಟ್ಟು ಬಿದ್ದರೆ ಕಲ್ಲು ಅಡ್ಡಾದಿಡ್ಡಿ ಒಡೆಯುತ್ತದೆ. ಈ ಸೀಮೆಯ ಬೆಟ್ಟಗಳ ಬುಡದಲ್ಲಿ ಸೀಳಿ ಬಿಟ್ಟುಹೋದ ಬಂಡೆಗಳ ಅಂಚಿನಲ್ಲಿ ಇಂಥ ಕುಳಿಗಳ ಸಾಲು ಇವತ್ತಿಗೂ ಕಾಣುತ್ತದೆ. ಹೊಲದ ಬೇಲಿಯ ಕಲ್ಲುಕೂಚ, ಮನೆಯ ಬೋದಿಗೆ, ಗುಡಿಯ ಕಂಬ, ಬಾವಿಯ ಮೆಟ್ಟಿಲು ಎಲ್ಲವೂ ಹೀಗೆ ಹುಟ್ಟಿದವು.

ಊರ ವೀರನ ನೆನಪಿನ ಕಲ್ಲೂ ಹೀಗೇ ಬಂತು. ಗಂಗರು, ನೊಳಂಬರು, ಚೋಳರು, ಹೊಯ್ಸಳರು ಬಂದುಹೋದ ಈ ಗಡಿಸೀಮೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಜಾತಿಯ ಕಲ್ಲಿನ ಮೇಲೆ ಅಕ್ಷರವಾಗಿವೆ. ಹೊಯ್ಸಳ ರಾಜ್ಯ ಇಬ್ಭಾಗವಾದಾಗ ರಾಮನಾಥ ನೆಲೆ ಮಾಡಿಕೊಂಡ ಕುಂದಾಣಿ ಹೊಸೂರಿನ ಕಡೆಯದೇ. 1956ರ ಗಡಿಗೆರೆ ಹೊಸೂರು, ಡೆಂಕಣಿಕೋಟೆ, ಥಳಿಯ ಕನ್ನಡದ ಮನೆಗಳನ್ನು ಆಚೆ ಬಿಟ್ಟಿತು. ಗೆರೆಯ ಎರಡೂ ಕಡೆಯ ಬಂಡೆ ಮಾತ್ರ ಒಂದೇ.

ದುರ್ಗದ ಕಲ್ಲು, ದುರ್ಗಕ್ಕೇ

ಕೃಷ್ಣಗಿರಿಯ ಸುತ್ತಲ ಸೀಮೆಗೆ ಬಾರಾಮಹಲ್ ಎಂಬ ಹಳೆಯ ಹೆಸರಿದೆ; ಹಾಗೆಂದರೆ ಹನ್ನೆರಡು ಕೋಟೆಗಳ ನಾಡು. ಆ ಕೋಟೆಗಳ ಬಲ ಇದ್ದದ್ದು ಗೋಡೆಯಲ್ಲಿ ಅಲ್ಲ, ಬೋಳು ಬಂಡೆಯಲ್ಲಿ. ಕೃಷ್ಣಗಿರಿಯ ಬೆಟ್ಟ ಬಯಲಿನಿಂದ 700 ಅಡಿಗೂ ಮೇಲೆ ಕಡಿದಾಗಿ ನಿಂತಿದೆ. ಹತ್ತುವವನಿಗೆ ಅಡಗಲು ಒಂದು ಪೊದೆಯೂ ಸಿಗುವುದಿಲ್ಲ. ಟಿಪ್ಪುವಿನ ಮೇಲೆ ಯುದ್ಧಕ್ಕಿಳಿದ ಇಂಗ್ಲಿಷರು 1791ರ ಜುಲೈನಲ್ಲಿ ಹೊಸೂರನ್ನೂ ರಾಯಕೋಟೆಯನ್ನೂ ಹಿಡಿದರು. ನವೆಂಬರಿನಲ್ಲಿ ಕರ್ನಲ್ ಮ್ಯಾಕ್ಸ್‌ವೆಲ್ ರಾತ್ರಿ ಕೃಷ್ಣಗಿರಿಯ ಮೇಲೆ ಏರಿ ಹೋದ. ಪೇಟೆ ಕೈಗೆ ಬಂತು, ಮೇಲಿನ ಕೋಟೆ ಬರಲಿಲ್ಲ. ಟಿಪ್ಪುವಿನ ಸೈನಿಕರು ಮೇಲಿನಿಂದ ಬಂಡೆಗಳನ್ನೇ ಉರುಳಿಸಿ ದಾಳಿಯನ್ನು ಮುರಿದರು. ಕೋಟೆ ಕೊನೆಗೆ ಇಂಗ್ಲಿಷರ ಪಾಲಾದದ್ದು ಯುದ್ಧದಲ್ಲಲ್ಲ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ. ಅದೇ ವರ್ಷ ಚಿತ್ರಕಾರರಾದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಈ ದಾರಿಯಲ್ಲಿ ಬಂದು ರಾಯಕೋಟೆ, ಜಗದೇವಿಗಳ ಚಿತ್ರ ಬರೆದರು. ಅವರ ಚಿತ್ರಗಳಲ್ಲಿ ಕೋಟೆ ಸಣ್ಣದು, ಬೆಟ್ಟವೇ ದೊಡ್ಡದು.

ಈ ದುರ್ಗಗಳ ಗೋಡೆಗೆ ಕಲ್ಲು ಹೊತ್ತು ತರಲಿಲ್ಲ. ಅಲ್ಲೇ ಸೀಳಿದರು, ಅಲ್ಲೇ ಕಟ್ಟಿದರು. ಕಲ್ಲು ತೆಗೆದ ಗುಂಡಿಯೇ ಮಳೆನೀರಿನ ತೊಟ್ಟಿಯಾಗುವುದು ಗಿರಿದುರ್ಗಗಳ ಹಳೆಯ ಜಾಣತನ. ಕ್ವಾರಿ ಮುಗಿದ ಮೇಲೆ ಅದರಿಂದ ಏನು ಮಾಡಬೇಕೆಂದು ಆ ಕಾಲದ ಮೇಸ್ತ್ರಿಗೆ ಮೊದಲೇ ಗೊತ್ತಿತ್ತು.

ಬ್ಲಾಕು, ಲಾರಿ, ಬಂದರು

1970ರ ದಶಕದಲ್ಲಿ ಗ್ರಾನೈಟ್‌ಗೆ ಹೊರದೇಶದ ಬೇಡಿಕೆ ಏರಿತು. ಜಪಾನಿನ ಸಮಾಧಿಗಳಿಗೆ ಬೇಕಾದ ಅಚ್ಚಕಪ್ಪು ಕಲ್ಲು ದಕ್ಷಿಣ ಭಾರತದಲ್ಲಿತ್ತು. ತಮಿಳುನಾಡು ಸರ್ಕಾರ 1977ರ ಡಿಸೆಂಬರಿನಲ್ಲಿ ತನ್ನ ಉಪಖನಿಜ ನಿಯಮಗಳಿಗೆ 8-ಸಿ ಎಂಬ ನಿಯಮ ಸೇರಿಸಿ, ಕಪ್ಪು ಗ್ರಾನೈಟ್ ಕ್ವಾರಿಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. ಹಿಂದ್ ಸ್ಟೋನ್ ಹೆಸರಿನ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1981ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ನಿಯಮವನ್ನು ಎತ್ತಿಹಿಡಿದರು. ನದಿ, ಕಾಡು, ಖನಿಜಗಳನ್ನು ಯಾವುದೇ ಒಂದು ತಲೆಮಾರು ಖರ್ಚು ಮಾಡಿ ಮುಗಿಸುವಂತಿಲ್ಲ ಎಂಬುದು ಅವರ ತೀರ್ಪಿನ ಮೊದಲ ಮಾತಿನ ಸಾರ. ಕಪ್ಪು ಕಲ್ಲಿನ ವ್ಯಾಜ್ಯದಲ್ಲಿ ಹುಟ್ಟಿದ ಆ ಮಾತನ್ನು ಪರಿಸರದ ಎಷ್ಟೋ ಮೊಕದ್ದಮೆಗಳು ಆಮೇಲೆ ನೆನೆದಿವೆ. ನೆನೆಯಬೇಕಾದ ಜಾಗದಲ್ಲಿ, ಅಂದರೆ ಕಲ್ಲುಬೆಟ್ಟದ ಬುಡದಲ್ಲಿ, ನೆನೆದವರು ಕಡಿಮೆ.

ಈಗಿನ ಕ್ವಾರಿಯ ಲೆಕ್ಕವೇ ಬೇರೆ. ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಒಂದು ಬ್ಲಾಕು ಎಂದರೆ ಒಂಬತ್ತು ಘನಮೀಟರು, ಸುಮಾರು 24 ಟನ್ನು. ವಜ್ರದ ಹರಳು ಪೋಣಿಸಿದ ತಂತಿಯ ಗರಗಸ ಬಂಡೆಯನ್ನು ಬೆಣ್ಣೆ ಕೊಯ್ದಷ್ಟು ನುಣುಪಾಗಿ ಸೀಳುತ್ತದೆ. ಬಂಡೆಯ ಪದರ ಎಲ್ಲಿದೆ ಎಂದು ಅದು ಕೇಳುವುದಿಲ್ಲ. ಸಿಪ್ಪೆ ಬಿಡಿಸುತ್ತಿದ್ದ ಕಸುಬು ತಿರುಳಿಗೆ ಇಳಿದದ್ದು ಹೀಗೆ. ಬಿರುಕು, ಕಲೆ, ಬಣ್ಣದ ವ್ಯತ್ಯಾಸ ಇದ್ದ ಬ್ಲಾಕು ರಫ್ತಿಗೆ ಒಗ್ಗದು. ಹಾಗಾಗಿ ಕಿತ್ತ ಕಲ್ಲಿನಲ್ಲಿ ಬಹುಪಾಲು ಕ್ವಾರಿಯ ಪಕ್ಕದಲ್ಲೇ ಗುಡ್ಡೆ ಬೀಳುತ್ತದೆ. ಕೃಷ್ಣಗಿರಿ–ಬರಗೂರು ದಾರಿಯುದ್ದ ಪಾಲಿಶ್ ಕಾರ್ಖಾನೆಗಳ ಹಿಂದೆ ಅಂಥ ಗುಡ್ಡೆಗಳು ಕಾಣುತ್ತವೆ.

ಅಷ್ಟಾದರೂ ಬ್ಲಾಕಿನ ಕ್ವಾರಿಯಲ್ಲಿ ಕಲ್ಲಿಗೆ ಬೆಲೆಯಿದೆ, ಆಯ್ಕೆಯಿದೆ. ನನಗೆ ಹೆಚ್ಚು ನೋವಾಗುವುದು ಜಲ್ಲಿ ಕ್ರಷರ್ ನೋಡಿದಾಗ. ಅಲ್ಲಿ ಕಲ್ಲಿನ ಬಣ್ಣ, ಎಳೆ, ವಯಸ್ಸು ಯಾವುದೂ ಲೆಕ್ಕಕ್ಕಿಲ್ಲ. 250 ಕೋಟಿ ವರ್ಷದ ಬಂಡೆ ಮುಕ್ಕಾಲಿಂಚು ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಲಾರಿಗೆ ಬೀಳುತ್ತದೆ. ಆ ಲಾರಿಗಳು ಅತ್ತಿಬೆಲೆ ದಾಟಿ ಎಲ್ಲಿಗೆ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರು. ನಮ್ಮ ಫ್ಲ್ಯಾಟು, ಫ್ಲೈಓವರು, ಮೆಟ್ರೋ ಕಂಬಗಳ ಹೊಟ್ಟೆಯಲ್ಲಿ ಈ ದ್ವೀಪಗಳಿವೆ. ಬೇರೆ ರಾಜ್ಯದ ಗಣಿ, ನಮಗೇನು ಎಂದು ಬೆಂಗಳೂರಿನ ಓದುಗರು ಹೇಳುವಂತಿಲ್ಲ.

ಬಂಡೆಯ ಮೇಲಿನ ಬದುಕು

ದೂರದಿಂದ ಬೋಳಾಗಿ ಕಾಣುವ ಬಂಡೆ ಹತ್ತಿರದಿಂದ ಬೋಳಲ್ಲ. ಮೇಲಿನ ದೊಣೆಗಳಲ್ಲಿ ಮಳೆಗಾಲದ ನೀರು ತಿಂಗಳುಗಟ್ಟಲೆ ನಿಂತು, ಬೇಸಿಗೆಯಲ್ಲಿ ಆರುತ್ತದೆ. ಅಲ್ಲಿನ ಅಂಗೈಯಗಲದ ಮಣ್ಣಿನಲ್ಲಿ ಒಣಗಿ ಸತ್ತಂತೆ ಕಂಡು ಮೊದಲ ಮಳೆಗೆ ಹಸಿರಾಗುವ ಗಿಡಗಳಿವೆ. ಬಂಡೆಯ ಬಿಸಿಗೆ ತಲೆ ಎತ್ತಿ ಕೂರುವ ಓತಿಕ್ಯಾತ, ಸಂದಿಯಲ್ಲಿ ಗೂಡು ಮಾಡುವ ಕೊಂಬಿನ ಗೂಬೆ, ಕಲ್ಲುಗುಡ್ಡಗಳ ಪೊದೆ ಬಿಟ್ಟು ಹೋಗದ ಹಳದಿ ಕತ್ತಿನ ಪಿಕಳಾರ ಇವೆಲ್ಲ ಈ ದ್ವೀಪಗಳ ನಿವಾಸಿಗಳು. ಆ ಪಿಕಳಾರ ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಂದಿಬೆಟ್ಟದಲ್ಲಿದೆ, ಹೊಸೂರು ಅರಣ್ಯದ ಮೇಲಗಿರಿಯಲ್ಲಿದೆ. ಒಂದು ಬೆಟ್ಟ ಹೋದರೆ ಪಕ್ಕದ ಬೆಟ್ಟಕ್ಕೆ ಹಾರಿ ಹೋಗಲಿ ಎನ್ನುವವರು ನಡುವಿನ ಬಯಲನ್ನು ಒಮ್ಮೆ ನೋಡಬೇಕು.

ಬನ್ನೇರುಘಟ್ಟದಿಂದ ಜವಳಗಿರಿ, ಥಳಿ, ಸಾನಮಾವು ಕಾಡುಗಳಿಗೆ ವರ್ಷವರ್ಷ ಆನೆಗಳು ಬರುತ್ತವೆ. ಇಂಥ ಕಾಡಿನಂಚಿನ ಕ್ವಾರಿಗಳ ವಿಷಯದಲ್ಲಿ ತಮಿಳುನಾಡು ಸರ್ಕಾರದ ನಿಲುವು ಒಂದು ವರ್ಷ ಕಳೆಯುತ್ತಲೇ ಬದಲಾಯಿತು. 2021ರ ನವೆಂಬರಿನಲ್ಲಿ ಅಭಯಾರಣ್ಯ, ಆನೆ ದಾರಿ, ಮೀಸಲು ಅರಣ್ಯಗಳಿಂದ ಒಂದು ಕಿಲೋಮೀಟರ್ ಒಳಗೆ ಕ್ವಾರಿ ಬೇಡವೆಂದರು. 2022ರ ಡಿಸೆಂಬರಿನಲ್ಲಿ ಮೀಸಲು ಅರಣ್ಯವನ್ನು ಆ ಪಟ್ಟಿಯಿಂದ ಬಿಟ್ಟರು. ಇದೇ ಹೊತ್ತಿಗೆ, 2022ರ ನವೆಂಬರಿನಲ್ಲಿ, ಮಧುರೆಯ ಬಳಿಯ ಅರಿಟ್ಟಾಪಟ್ಟಿಯ ಗುಡ್ಡಗಳನ್ನು ರಾಜ್ಯದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದೂ ಘೋಷಿಸಿದರು. ಅಲ್ಲಿ ಕೆರೆ, ಬಂಡೆ, ಹಳೆಯ ಶಾಸನ, ಹಕ್ಕಿ ಎಲ್ಲವನ್ನೂ ಒಟ್ಟಾಗಿ ಎಣಿಸಿದ್ದಾರೆ. ಮಲ್ಲಚಂದ್ರವನ್ನೂ ರಾಯಕೋಟೆಯನ್ನೂ ಹಾಗೆ ಎಣಿಸಬಾರದೇಕೆ?

ಕಲ್ಲು ಒಡೆದವರು

ಕಲ್ಲುಕೆಲಸದ ಕೀರ್ತಿ ಬರೆಯುವಾಗ ಅದರ ಧೂಳು ಕುಡಿದವರನ್ನು ಬಿಟ್ಟರೆ ಆ ಬರಹ ಸುಳ್ಳಾಗುತ್ತದೆ. ಕರ್ನಾಟಕದಲ್ಲಿ ಭೋವಿ, ವಡ್ಡರು, ತಮಿಳುನಾಡಿನಲ್ಲಿ ಬೋಯರ್, ಒಡ್ಡರ್ ಎಂದು ಕರೆಸಿಕೊಂಡ ಜನ ಕೆರೆ ಕಟ್ಟಿದರು, ಕೋಟೆ ಕಟ್ಟಿದರು. ಮನೆಯಲ್ಲಿ ತೆಲುಗು, ಕೆಲಸದಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ಎಷ್ಟೋ ಕುಟುಂಬಗಳು ಈ ಗಡಿಯಲ್ಲಿವೆ. ಮುಂಗಡ ಕೊಟ್ಟು ಇಡೀ ಸಂಸಾರವನ್ನು ಕ್ವಾರಿಗೆ ಕಟ್ಟಿಹಾಕುವ ಪದ್ಧತಿಯನ್ನು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆ ಅಪರಾಧವೆಂದಿತು. ಹರಿಯಾಣದ ಕಲ್ಲುಕ್ವಾರಿಗಳ ಬಂಧುವಾ ಮುಕ್ತಿ ಮೋರ್ಚಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1983ರಲ್ಲಿ ಅದನ್ನೇ ಮತ್ತೆ ಬಿಗಿಯಾಗಿ ಹೇಳಬೇಕಾಯಿತು. ಕಲ್ಲಿನ ಪುಡಿ ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್‌ಗೆ ಔಷಧಿ ಇಲ್ಲ. ನೀರು ಚಿಮುಕಿಸಿಕೊಂಡು ಕೊರೆದರೆ ಅದು ಬಹುಮಟ್ಟಿಗೆ ಬಾರದು. ಅಷ್ಟು ಸಣ್ಣ ಉಪಾಯವೂ ಎಷ್ಟೋ ಕಡೆ ನಡೆಯುವುದಿಲ್ಲ ಎಂಬುದು ಕ್ಷಮಿಸಲಾಗದ ಮಾತು.

ಸುತ್ತಿಗೆಯ ಸದ್ದಿನಿಂದ ಬಿರುಕು ಕಂಡುಹಿಡಿಯುವ ಕಿವಿಗಳು ಇನ್ನೂ ಕೆಲವು ಉಳಿದಿರಬಹುದು. ಯಕ್ಷಗಾನದ ಹಿರಿಯ ಕಲಾವಿದರನ್ನು ದಾಖಲಿಸಿದ ಹಾಗೆ ಅವರನ್ನೂ ಕ್ಯಾಮೆರಾ ಮುಂದೆ ಕೂರಿಸಬೇಕು. ಹಂಪಿಯಂಥ ಕಡೆ ಮುರಿದ ಕಂಬವನ್ನು ಹಳೆಯ ರೀತಿಯಲ್ಲೇ ತಿದ್ದಬೇಕಾದಾಗ ಬೇಕಾಗುವುದು ಅವರದೇ ವಿದ್ಯೆ.

ದಾರಿ ಇಲ್ಲದೇ ಇಲ್ಲ. 2016ರ ಜನವರಿಯ ಕೇಂದ್ರ ಅಧಿಸೂಚನೆಯ ಪ್ರಕಾರ ಉಪಖನಿಜಗಳಿಗೆ ಪ್ರತಿ ಜಿಲ್ಲೆಯೂ ಸಮೀಕ್ಷಾ ವರದಿ ತಯಾರಿಸಬೇಕು; ಗುತ್ತಿಗೆಗೆ ಅದೇ ಆಧಾರ. ಎಲ್ಲಿ ಎಷ್ಟು ಕಲ್ಲಿದೆ ಎಂದು ಅದರಲ್ಲಿ ಬರೆಯುತ್ತಾರೆ. ಆ ಬೆಟ್ಟದ ಮೇಲೆ ಕಲ್ಮನೆ ಇದೆಯೇ, ವೀರಗಲ್ಲಿದೆಯೇ, ದೊಣೆಯಲ್ಲಿ ಎಷ್ಟು ತಿಂಗಳು ನೀರಿರುತ್ತದೆ, ಊರವರು ಅಲ್ಲಿ ಯಾವ ದೇವರಿಗೆ ನಡೆದುಕೊಳ್ಳುತ್ತಾರೆ, ಕ್ವಾರಿ ಮುಗಿದ ಮೇಲೆ ಗುಂಡಿ ಏನಾಗಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ, ಹರಾಜಿಗೆ ಮೊದಲೇ ಬರೆಯಲಿ. ಕೃಷ್ಣಗಿರಿ 2004ರಲ್ಲಿ ಹುಟ್ಟಿದ ಹೊಸ ಜಿಲ್ಲೆ. ಅದರ ಬೆಟ್ಟಗಳನ್ನು ಒಂದೊಂದಾಗಿ ಎಣಿಸಿ ಬರೆಯುವುದು ಅಸಾಧ್ಯದ ಕೆಲಸವೇನಲ್ಲ. ಕೋಲಾರ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಿಕ್ಕಬಳ್ಳಾಪುರಗಳ ಜಿಲ್ಲಾಡಳಿತಗಳಿಗೂ ಇದೇ ಹಾಳೆ ಬೇಕು. ಎಣಿಕೆಗೆ ಹೋಗುವ ತಂಡದಲ್ಲಿ ಭೂವಿಜ್ಞಾನಿ, ಶಾಸನ ಓದಬಲ್ಲವರು, ಹಕ್ಕಿ ಬಲ್ಲವರು ಇರಲಿ. ಅವರ ಜೊತೆಗೆ ಸುತ್ತಿಗೆ ಹಿಡಿದ ಒಬ್ಬ ಕಲ್ಲುಕುಟಿಗನೂ ಇರಲಿ; ಬಂಡೆ ಎಲ್ಲಿ ಬಿಡುತ್ತದೆ, ಎಲ್ಲಿ ಬಿಡುವುದಿಲ್ಲ ಎಂದು ಹೇಳುವ ಕೆಲಸ ಅವನದು.